ಮಿಶ್ರ ಮೂಲವೂ ಹಲ್ಲಿನ ಅಳತೆಯೂ

ತಂದೆಯಿಂದ ದೊಡ್ಡ ಹಲ್ಲು, ತಾಯಿಯಿಂದ ಸಣ್ಣ ದವಡೆ ಬಂದು ಮಿಶ್ರ ಮೂಲದ ಮಕ್ಕಳಿಗೆ ಹಲ್ಲು ಒತ್ತಾಗಿ ಹುಟ್ಟುತ್ತದೆ ಎಂಬ ಮಾತೊಂದಿದೆ. ಇದನ್ನು ಒಪ್ಪಲಾಗದು. ಈ ನಂಬಿಕೆಗೆ ಬಲ ಬಂದದ್ದು ಅಮೆರಿಕದ ವಿಜ್ಞಾನಿ ಸ್ಟಾಕರ್ಡ್ ಬೇರೆ ಬೇರೆ ನಾಯಿ ತಳಿಗಳನ್ನು ಬೆರೆಸಿ ಮಾಡಿದ ಪ್ರಯೋಗದಿಂದ (1941ರಲ್ಲಿ ಪ್ರಕಟ). ಅಲ್ಲಿನ ಗಿಡ್ಡ ತಳಿಗಳಲ್ಲಿ ಮೂಳೆಯ ಬೆಳವಣಿಗೆಯನ್ನೇ ಕುಂಠಿಸುವ ಜೀನ್ ಇತ್ತು. ಮನುಷ್ಯರ ಹಲ್ಲಿನ ಗಾತ್ರ ಹಾಗಲ್ಲ, ಅನೇಕ ಜೀನ್‌ಗಳ ಸಣ್ಣ ಸಣ್ಣ ಪಾಲು ಕೂಡಿ ಬರುವಂಥದ್ದು. ಹಾಗಾಗಿ ಮಿಶ್ರ ಸಮುದಾಯದ ಸರಾಸರಿ ಸಾಮಾನ್ಯವಾಗಿ ಎರಡು ಮೂಲಗಳ ನಡುವೆ ಬೀಳುತ್ತದೆ. ಹವಾಯಿಯ ಶಾಲಾಮಕ್ಕಳ 1971ರ ಅಧ್ಯಯನದಲ್ಲೂ ಬೆರಕೆಯಿಂದ ಹಲ್ಲು-ದವಡೆಯ ಹೊಂದಾಣಿಕೆ ವಿಶೇಷವಾಗಿ ಕೆಟ್ಟದ್ದು ಕಾಣಲಿಲ್ಲ.

ನಿಜವಾದ ತೊಡಕು ಚಿಕಿತ್ಸೆಯ ಲೆಕ್ಕದಲ್ಲಿದೆ. ಇನ್ನೂ ಹುಟ್ಟದ ಹಲ್ಲುಗಳಿಗೆ ಎಷ್ಟು ಜಾಗ ಬೇಕೆಂದು ಅಂದಾಜಿಸುವ ತನಾಕ-ಜಾನ್‌ಸ್ಟನ್ ಸೂತ್ರದಲ್ಲಿ ಕೆಳಗಿನ ನಾಲ್ಕು ಬಾಚಿಹಲ್ಲುಗಳ ಅಗಲ ಕೂಡಿಸಿ ಅರ್ಧ ಮಾಡಿ, ಕೆಳದವಡೆಗೆ 10.5, ಮೇಲ್ದವಡೆಗೆ 11 ಮಿ.ಮೀ. ಸೇರಿಸುತ್ತಾರೆ. ಆ ನಾಲ್ಕು ಹಲ್ಲುಗಳ ಮೊತ್ತ 23 ಮಿ.ಮೀ. ಇದ್ದರೆ, ಇನ್ನೂ ಹುಟ್ಟದ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಪ್ರೀಮೋಲಾರ್‌ಗಳಿಗೆ (ಕಿರುದವಡೆ ಹಲ್ಲುಗಳಿಗೆ) ಪ್ರತಿ ಪಕ್ಕದಲ್ಲಿ ಕೆಳಗೆ 22, ಮೇಲೆ 22.5 ಮಿ.ಮೀ. ಬೇಕು. ಆದರೆ ಆ ಸ್ಥಿರಾಂಕಗಳು ಯೂರೋಪ್ ಮೂಲದ ಅಮೆರಿಕನ್ನರ ಅಳತೆಯಿಂದ ಬಂದವು. ಬೇರೆಯವರಿಗೆ ಕಣ್ಣುಮುಚ್ಚಿ ಹಚ್ಚಿದರೆ ಒಂದೆರಡು ಮಿಲಿಮೀಟರ್ ತಪ್ಪಬಹುದು. ಹಲ್ಲು ಕೀಳಬೇಕೋ ಬೇಡವೋ ಎಂಬ ನಿರ್ಧಾರ ಅಷ್ಟರಲ್ಲೇ ಬದಲಾಗುತ್ತದೆ!

ಮಿಶ್ರ ಮೂಲದ ಮಗುವಿಗೆ ಎಕ್ಸ್‌ರೇ ಅನುಪಾತವೇ ಮೇಲು. ಬಾಯಲ್ಲಿರುವ ಹಾಲುಹಲ್ಲಿನ ಸಾಲಿನ ದವಡೆಹಲ್ಲಿನ ನಿಜವಾದ ಅಗಲವನ್ನು ಅದರ ಎಕ್ಸ್‌ರೇ ಅಗಲದಿಂದ ಭಾಗಿಸಿ, ಹುಟ್ಟದ ಹಲ್ಲಿನ ಎಕ್ಸ್‌ರೇ ಅಗಲದಿಂದ ಗುಣಿಸಿ. ಎರಡೂ ಒಂದೇ ಫಿಲ್ಮಿನಲ್ಲಿರಬೇಕು, ಹುಟ್ಟದ ಹಲ್ಲು ತಿರುಚಿಕೊಂಡಿರಬಾರದು. ಪಕ್ಕದ ಹಲ್ಲಿಗೆ ತಾಗುವ ಜಾಗ ಸವೆದಿದ್ದರೆ ಅಥವಾ ಹುಳುಕಾಗಿದ್ದರೆ ಆ ಹಲ್ಲನ್ನು ಅಳೆಯಬೇಡಿ.