ಕೈಗೆ ಬಿದ್ದ ಮೂರು ಗಂಟು

ಇವತ್ತು ಬೆಳಿಗ್ಗೆ ಚಪಾತಿ ಹಿಟ್ಟು ಕಲಸುವಾಗ ಮತ್ತೆ ಅದೇ ಆಯಿತು. ಮಣಿಕಟ್ಟಿನ ಹಸಿರು ರಿಬ್ಬನ್ನಿನ ಬಾಲ ಹಿಟ್ಟಿಗೆ ಇಳಿದು, ಮೆತ್ತಿಕೊಂಡು ಮೇಲೆ ಬಂತು. ಕತ್ತರಿಸಿ ಎಸೆಯುವ ಹಾಗಿಲ್ಲ. ತಾನಾಗಿ ಸವೆದು ಬಿದ್ದರೆ ಮಾತ್ರ ಕೇಳಿಕೊಂಡದ್ದು ಫಲಿಸುವುದಂತೆ. ನಾಲ್ಕು ತಿಂಗಳಾಯಿತು, ಪಾತ್ರೆ ತಿಕ್ಕುವ ನಾರಿನ ಹಾಗಾಗಿದೆ, ಬೀಳುವ ಲಕ್ಷಣವೇ ಇಲ್ಲ.

ಇದು ಬ್ರೆಜಿಲಿನ ಸಾಲ್ವಡಾರ್‌ನದು. ಸಾವ್ ಪಾಲೊದಲ್ಲಿರುವ ಮಗ ನಮ್ಮಿಬ್ಬರನ್ನೂ ಸಾಂತೋಸ್ ಬಂದರಿನಲ್ಲಿ ಹಡಗು ಹತ್ತಿಸಿದ್ದ. ಸಾಲ್ವಡಾರ್ ನೋಡಲು ಒಂದು ಹಗಲು. ಸಂಜೆ ನಾಲ್ಕೂವರೆಗೆ ಎಲ್ಲರೂ ವಾಪಸ್ ಹಡಗಿನಲ್ಲಿರಬೇಕು.

ನಮ್ಮವರು ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಹೆಂಗಸರು ಮಕ್ಕಳು ಚೀಲ ಹಿಡಿದು ಓಡಿ ಬರುತ್ತಿದ್ದರೂ ಸೀಟಿ ಊದಿ ಬಸ್ಸು ಬಿಡಿಸಿದ ಮನುಷ್ಯ. ಆ ಪಾಪವೇ ಇರಬೇಕು, ರಿಟೈರ್ ಆದ ಮೇಲೆ ಎಲ್ಲ ವಾಹನವೂ ತಮ್ಮನ್ನು ಬಿಟ್ಟು ಹೋಗುತ್ತದೆ ಎಂಬ ಹೆದರಿಕೆ. ಸಾಲದ್ದಕ್ಕೆ ವಾಚನ್ನು ಊರಿನ ಟೈಮಿನಲ್ಲೇ ಇಟ್ಟುಕೊಂಡಿದ್ದರು. “ಎಂಟೂವರೆ ಗಂಟೆ ಕಳೆದರಾಯ್ತು, ಅದಕ್ಯಾಕೆ ಮುಳ್ಳು ತಿರುಗಿಸುವುದು?”

ಬಂದರಿನ ಕೆಳಪೇಟೆಯಿಂದ ಗುಡ್ಡದ ಮೇಲಿನ ಹಳೇ ಊರಿಗೆ ಲಿಫ್ಟು, ಲಸೆರ್ಡಾ ಅಂತ. 1873ರಿಂದ ಜನರನ್ನು ಏರಿಸಿ ಇಳಿಸುತ್ತಿದೆ, 72 ಮೀಟರ್ ಎತ್ತರ. ಕ್ಯೂ ನೋಡಿದ್ದೇ ಇವರು, “ಬರುವಾಗಲೂ ಹೀಗೇ ಇದ್ದರೆ?” ಎಂದರು. ನಾವಿನ್ನೂ ಹೋಗಿರಲಿಲ್ಲ.

ಮೇಲೆ ಬಿಳಿ ಲಂಗ, ಬಿಳಿ ಮುಂಡಾಸಿನ ಹೆಂಗಸು ಅಕರಾಜೆ ಕರಿಯುತ್ತಿದ್ದಳು. ಸಾಕ್ಷಾತ್ ಅಲಸಂದೆ ವಡೆ, ಕೆಂಪು ತಾಳೆಣ್ಣೆಯಲ್ಲಿ ಕರಿದು, ಹೊಟ್ಟೆ ಸೀಳಿ ಸಿಗಡಿ ತುಂಬಿಸಿದ್ದು. “ಕೆಂಚಿ?” ಎಂದಳು. ಬಿಸಿ ಬೇಕಾ ಅಂತ ಕೇಳುತ್ತಿದ್ದಾಳೆಂದು “ಸಿಂ, ಸಿಂ” ಎಂದೆ. ವಡೆಯಂಗಡಿಯಲ್ಲಿ ಕೆಂಚಿ ಎಂದರೆ ಖಾರವಂತೆ! ಬ್ಯಾಡಗಿ ಮೆಣಸಿಗೇ ಜಗ್ಗದ ನಮ್ಮವರ ಕಣ್ಣಲ್ಲಿ ನೀರು. ಆ ನೀರಿನಲ್ಲೂ ವಾಚು ನೋಡಿದರು. ಪೋರ್ಚುಗೀಸರ ದಯೆಯಿಂದ ಚಾವಿ, ಬಟಾಟೆ ಎಂದರೆ ಅಲ್ಲಿಯವರಿಗೂ ಅರ್ಥವಾಗುತ್ತದೆ. “ಸ್ವಲ್ಪ ನಿಲ್ಲಿ ಮಾರಾಯ್ರೇ” ಎಂದರೆ ಇವರೊಬ್ಬರಿಗೆ ಅರ್ಥವಾಗುವುದಿಲ್ಲ.

ನಿಂತದ್ದು ಒಂದೇ ಕಡೆ. ಪೆಲೊರಿನ್ಯೊ ಎಂಬ ಇಳಿಜಾರು ಚೌಕ, ಸುತ್ತ ಹಳದಿ, ಗುಲಾಬಿ ಮನೆಗಳು. ಹೆಸರಿನ ಅರ್ಥ ಗುಲಾಮರನ್ನು ಕಟ್ಟಿ ಬಾರಿಸುತ್ತಿದ್ದ ಕಂಬ. ಅಲ್ಲೇ ಕರಿಯರು ತಮಗಾಗಿ ಕಟ್ಟಿಕೊಂಡ ನೀಲಿ ಇಗರ್ಜಿ. ಹಗಲೆಲ್ಲ ಇನ್ನೊಬ್ಬರಿಗೆ ದುಡಿದು, ಉಳಿದ ಹೊತ್ತಿನಲ್ಲಿ ಕಟ್ಟಿದ್ದು, ತಲೆಮಾರುಗಳೇ ಹಿಡಿದವಂತೆ. ಒಳಗೆ ಬೆಂಚಿನ ಮೇಲೆ ಕೂತೆವು. ಇವರು ಒಂದು ಮಾತೂ ಆಡಲಿಲ್ಲ, ಕೈ ಮೊಣಕಾಲ ಮೇಲಿತ್ತು, ವಾಚು ಅಂಗಿಯ ತೋಳಿನೊಳಗೆ.

ಹೊರಗೆ ಬಂದರೆ ರಿಬ್ಬನ್ ಮಾರುವವನು. ಬೊನ್‌ಫಿಂ ಇಗರ್ಜಿಯ ದೇವರ ಹೆಸರಿನ ರಿಬ್ಬನ್. ಫ್ರೀ ಎನ್ನುತ್ತಾ ಕೈ ಹಿಡಿದೇಬಿಟ್ಟ. ಮೂರು ಗಂಟು, ಗಂಟಿಗೊಂದು ಕೋರಿಕೆ, ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಮೂರನೆಯದನ್ನು ಮಗನಿಗೆಂದು ಎತ್ತಿಟ್ಟೆ: ವರ್ಷಕ್ಕೊಮ್ಮೆಯಾದರೂ ಊರಿಗೆ ಬರಲಿ. ಮೊದಲನೆಯದು, ಹತ್ತಿರದಲ್ಲೊಂದು ಟಾಯ್ಲೆಟ್ ಸಿಗಲಿ. ಎರಡನೆಯದು, ಈ ಏರು ಹತ್ತುವವರೆಗೆ ಮೊಣಗಂಟು ಕೈಕೊಡದಿರಲಿ. ಅವನು ಮೂರನೆಯ ಗಂಟು ಬಿಗಿಯುತ್ತಿದ್ದ. ಅಷ್ಟರಲ್ಲಿ ಇವರು, “ಮಾರಾಯ್ತಿ, ಮೂರೂವರೆ! ಹಡಗು ಹೋಗ್ತದೆ!” ಎಂದು ಕಿರುಚಿದರು. ನನ್ನ ಮನಸ್ಸು ತಾನಾಗಿಯೇ ಹೇಳಿಬಿಟ್ಟಿತು: ಆ ವಾಚು ನಿಂತು ಹಾಳಾಗಲಿ.

ಓಡಿದೆವು. ಕಲ್ಲುಹಾಸಿನ ಏರು, ಲಿಫ್ಟಿನ ಕ್ಯೂ, ಬಿಸಿಲು. ದಾರಿಬದಿಯಲ್ಲಿ ಹಲಸಿನ ತೊಳೆ ಬಿಡಿಸಿ ಮಾರುತ್ತಿದ್ದರು. ನಮ್ಮೂರ ಕಡೆಯಿಂದ ಹೋದ ಹಣ್ಣು, ಅಲ್ಲಿ ‘ಜಾಕ’. ಪರಿಮಳ ಮಾತ್ರ ಕುಡಿದು ಓಡಿದೆ. ಹಡಗಿನ ಬಾಗಿಲಿಗೆ ಬಂದರೆ ಗಡಿಯಾರದಲ್ಲಿ 2.55. ಇವರು ಎಂಟೂವರೆಯ ಬದಲು ಏಳೂವರೆ ಕಳೆದಿದ್ದರು.

ಡೆಕ್ಕಿನ ಮೇಲೆ ನಿಂತು ಕೆಳಗೆ ನೋಡಿದೆ. ನಾಲ್ಕೂಕಾಲಿಗೆ ಜನ ಐಸ್‌ಕ್ರೀಂ ನೆಕ್ಕುತ್ತಾ, ಚಪ್ಪಲಿ ಎಳೆಯುತ್ತಾ ಬರುತ್ತಿದ್ದರು. “ನೋಡು, ಅವರೆಲ್ಲ ಎಷ್ಟು ಟೆನ್ಷನ್ನಿನಲ್ಲಿದ್ದಾರೆ,” ಎಂದರು ಇವರು.

ಮೊನ್ನೆ ಆ ವಾಚು ನಿಂತಿತು. ರಿಬ್ಬನ್ ಇನ್ನೂ ಕೈಯಲ್ಲೇ ಇದ್ದರೂ ನನಗೆ ಮೈ ಜುಮ್ಮೆಂದಿತು. ಸಂಜೆ ಪೇಟೆಗೆ ಹೋಗಿ ಹೊಸ ಸೆಲ್ ಹಾಕಿಸಿಕೊಂಡು ಬಂದರು.