ದೊರ್ಕಳ ಪರವಾಗಿ ಸಾಕ್ಷಿ ಹೇಳಿದವರು

ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತದೆ. "ಸಿಸ್ಟರ್, ಆತ್ಮಿಕ ಜೀವನದಲ್ಲಿ ಬೆಳೀತಾ ಇದ್ದೀರಾ?" ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಮಾತ್ರ ಯಾವಾಗಲೂ ಒಂದೇ ಥರ. ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದು ಪ್ರಾರ್ಥನೆ ಮಾಡುತ್ತೇನೆ, ಸತ್ಯವೇದ (ಬೈಬಲ್) ಎಷ್ಟು ಸಲ ಓದಿ ಮುಗಿಸಿದೆ, ಯಾವ ಕನ್ವೆನ್ಷನ್‌ಗೆ ಹೋಗಿ ಬಂದೆ, ಎಷ್ಟು ಶುಕ್ರವಾರ ಉಪವಾಸ ಮಾಡಿದೆ. ಎಲ್ಲ ನಮ್ಮ ಬಾಯಿಂದಲೇ. ನಮ್ಮ ಪೇಪರ್‌ಗೆ ನಾವೇ ಮಾರ್ಕ್ಸ್ ಹಾಕಿಕೊಂಡ ಹಾಗಾಯಿತು, ಅಲ್ವಾ?

ಈ ಪ್ರಶ್ನೆಯನ್ನು ನಮ್ಮನ್ನು ಬಿಟ್ಟು ಬೇರೆಯವರಿಗೆ ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ಜೊತೆ ದಿನಾ ಕೆಲಸ ಮಾಡುವವರಿಗೆ. ನಮ್ಮಿಂದ ದುಡ್ಡು ಬರಬೇಕಾದವರಿಗೆ. ನಮ್ಮ ಮಾತು ನಂಬಿ ಕಾಯುತ್ತಾ ಕೂತವರಿಗೆ.

ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 9ನೇ ಅಧ್ಯಾಯದಲ್ಲಿ ತಬಿಥಾ ಅನ್ನೋ ಹೆಂಗಸು ಬರುತ್ತಾಳೆ. ದೊರ್ಕ ಅಂತಲೂ ಕರೆಯುತ್ತಾರೆ. ಯೊಪ್ಪ ಅನ್ನೋ ಕಡಲ ತೀರದ ಊರಿನವಳು. ಬಟ್ಟೆ ಹೊಲಿದು ಕೊಡುತ್ತಿದ್ದವಳು. ಕಾಯಿಲೆ ಬಂದು ತೀರಿಕೊಳ್ಳುತ್ತಾಳೆ. ಯೇಸುವಿನ ಶಿಷ್ಯ ಪೇತ್ರನನ್ನು ಕರೆಸುತ್ತಾರೆ. ಅವನು ಮಾಳಿಗೆ ಹತ್ತಿ ಬಂದಾಗ ಅಲ್ಲಿ ವಿಧವೆಯರು ಅಳುತ್ತಾ ನಿಂತಿದ್ದಾರೆ. ಅವರು ದೊರ್ಕ ಎಷ್ಟು ಪ್ರಾರ್ಥನೆ ಮಾಡುತ್ತಿದ್ದಳು ಅಂತ ಹೇಳಲಿಲ್ಲ. ಅವಳು ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು. ಆ ಇಡೀ ಕಥೆಯಲ್ಲಿ ದೊರ್ಕಳ ಬಾಯಿಂದ ಒಂದು ಮಾತೂ ಬಂದಿದ್ದಾಗಿ ಬರೆದಿಲ್ಲ. ಅವಳ ಪರವಾಗಿ ಮಾತಾಡಿದವರೆಲ್ಲ ಅವಳು ಹೊಲಿದ ಬಟ್ಟೆ ತೊಟ್ಟವರು.

ನಾನೂ ಹೊಲಿಗೆಯವಳೇ. ಹಾಗಾಗಿ ಈ ಅಧ್ಯಾಯದ ಮೇಲೆ ಸ್ವಲ್ಪ ಸಲಿಗೆ ಜಾಸ್ತಿ. ದಾವಣಗೆರೆಯ ನಿಟುವಳ್ಳಿ ಕಡೆ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಬ್ಲೌಸ್, ಚೂಡಿದಾರ್, ಫಾಲ್ಸ್, ಪಿಕೋ. ಜೊತೆಗೆ ಕೆಲಸಕ್ಕೆ ಒಬ್ಬ ಹುಡುಗಿ ಇದ್ದಾಳೆ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರು ಇದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಮಿಲ್ಲುಗಳ ಸದ್ದು ನಿಂತರೂ ಬಟ್ಟೆಯ ಹುಚ್ಚು ನಿಂತಿಲ್ಲ. ಚೌಕಿಪೇಟೆಗೆ ಹಬ್ಬದ ಹಿಂದಿನ ವಾರ ಹೋಗಿ ನೋಡಿ, ಕಾಲಿಡೋಕೆ ಜಾಗ ಇರುವುದಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಮಾತು ಬಾಯಿಪಾಠ ಆಗಿರುತ್ತದೆ: "ನಾಳೆ ಬನ್ನಿ, ಹುಕ್ಸ್ ಒಂದು ಹಚ್ಚೋದು ಬಾಕಿ ಇದೆ." ಬಟ್ಟೆ ಇನ್ನೂ ಕಟಿಂಗ್ ಕೂಡ ಆಗಿರುವುದಿಲ್ಲ. ಇದನ್ನು ಯಾರೂ ಸುಳ್ಳು ಅಂತ ಅಂದುಕೊಳ್ಳುವುದೇ ಇಲ್ಲ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೆ ಯೇಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಹೇಳಿದ್ದು ತುಂಬಾ ಸರಳ. ಹೌದಾದರೆ ಹೌದು ಅನ್ನಿ, ಇಲ್ಲವಾದರೆ ಇಲ್ಲ ಅನ್ನಿ. ಮತ್ತಾಯ 5ರಲ್ಲಿ ಈ ಮಾತು ಓದುವಾಗ ನಮಗೆ ಕೋರ್ಟು, ಆಣೆ, ದೊಡ್ಡ ದೊಡ್ಡ ವಿಷಯ ನೆನಪಾಗುತ್ತವೆ. ನನಗೆ ಹುಕ್ಸ್ ನೆನಪಾಗುತ್ತದೆ. ಶುಕ್ರವಾರ ಆಗಲ್ಲ ಅಂದರೆ "ಶುಕ್ರವಾರ ಆಗಲ್ಲಮ್ಮ, ಬೇಕಿದ್ದರೆ ಬೇರೆ ಕಡೆ ಕೊಡಿ" ಅಂತ ಹೇಳುವುದಕ್ಕೆ ಒಂದು ಗಂಟೆ ಮೊಣಕಾಲೂರಿ ಪ್ರಾರ್ಥನೆ ಮಾಡುವುದಕ್ಕಿಂತ ಜಾಸ್ತಿ ಧೈರ್ಯ ಬೇಕು. ಗಿರಾಕಿ ಹೋಗಿಬಿಡಬಹುದು. ಕೆಲವರು ಹೋಗಿಯೂ ಇದ್ದಾರೆ.

ಮಿಕ್ಕಿದ ಬಟ್ಟೆ ಇನ್ನೊಂದು. ಸೀರೆಯ ಬ್ಲೌಸ್ ಪೀಸ್‌ನಲ್ಲಿ ಎಷ್ಟು ಉಳಿಯುತ್ತದೆ ಅಂತ ಗಿರಾಕಿಗೆ ಗೊತ್ತಾಗುವುದಿಲ್ಲ, ನಮಗೆ ಮಾತ್ರ ಗೊತ್ತು. ರೇಷ್ಮೆಯ ತುಂಡಾದರೆ ಆಸೆ ಬೇರೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11 ಶುರುವಾಗುತ್ತದೆ. ಎರಡು ಥರದ ತೂಕದ ಕಲ್ಲು ಚೀಲದಲ್ಲಿ ಇಟ್ಟುಕೊಳ್ಳಬೇಡ ಅಂತ ಧರ್ಮೋಪದೇಶಕಾಂಡ 25ರಲ್ಲಿದೆ. ದೇವರು ನಮ್ಮ ತಕ್ಕಡಿ, ಅಳತೆ ಟೇಪಿನ ತನಕ ಬಂದು ಇಣುಕುತ್ತಾನೆ. ನಾವು ನೋಡಿದರೆ ಅವನನ್ನು ಭಾನುವಾರದ ಎರಡು ಗಂಟೆಯಲ್ಲಿ ಕೂರಿಸಿ, ಆರಾಧನೆ ಮುಗಿದ ತಕ್ಷಣ ಬೆಣ್ಣೆದೋಸೆ ತಿನ್ನೋಕೆ ಹೊರಡುತ್ತೇವೆ. ಬೆಣ್ಣೆದೋಸೆ ತಪ್ಪು ಅಂತ ನಾನು ಹೇಳುತ್ತಿಲ್ಲ. ದಾವಣಗೆರೆಯಲ್ಲಿ ಹಾಗೆ ಹೇಳಿ ಬದುಕೋಕಾಗುತ್ತಾ?

ಈಗ ಉಪವಾಸದ ವಿಷಯ. ಇದೇ ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು.

ನಮ್ಮೂರಿನ ದುರ್ಗಾಂಬಿಕಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಪ್ರತಿ ಮನೆಗೂ ನೆಂಟರು, ಪ್ರತಿಯೊಬ್ಬರಿಗೂ ಹೊಸ ಬಟ್ಟೆ. ಹೊಲಿಗೆಯವರಿಗೆ ಉಸಿರಾಡೋಕೆ ಪುರುಸೊತ್ತು ಇರುವುದಿಲ್ಲ. ಈ ಜಾತ್ರೆ ಹೆಚ್ಚಾಗಿ ನಮ್ಮ ಲೆಂಟ್ ಕಾಲದಲ್ಲೇ ಬಂದು ಕೂರುತ್ತದೆ. 2024ರಲ್ಲಿ ಜಾತ್ರೆ ನಡೆದದ್ದು ಮಾರ್ಚ್‌ನಲ್ಲಿ, ಈಸ್ಟರ್ ಇದ್ದದ್ದು ಮಾರ್ಚ್ 31ಕ್ಕೆ. ಲೆಂಟ್ ಅಂದರೆ ಬೂದಿ ಬುಧವಾರದಿಂದ ಈಸ್ಟರ್ ತನಕ, ಭಾನುವಾರಗಳನ್ನು ಬಿಟ್ಟು, 40 ದಿನ. ಯೇಸು ಅಡವಿಯಲ್ಲಿ ಉಪವಾಸ ಇದ್ದ ದಿನಗಳ ನೆನಪಿಗೆ. ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ಕಾಫಿ, ಈಗಿನ ಹುಡುಗರು ಇನ್‌ಸ್ಟಾಗ್ರಾಂ. ಅದೇ ದಿನಗಳಲ್ಲಿ ಪಕ್ಕದ ಮನೆಯಿಂದ ಜಾತ್ರೆಯ ಅಡುಗೆ ವಾಸನೆ ಬರುತ್ತಿರುತ್ತದೆ.

ಆಗ ನಮ್ಮ ಜನರಲ್ಲಿ ದೊಡ್ಡ ಚರ್ಚೆ ಶುರು. ಜಾತ್ರೆ ಊಟಕ್ಕೆ ಕರೆದರೆ ಹೋಗಬಹುದಾ? ಕಳಿಸಿದ ಹೋಳಿಗೆ ತಿನ್ನಬಹುದಾ? ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನಿಗೂ ಕೊರಿಂಥ ಊರಿನ ಸಭೆಯವರು ಇದೇ ಪ್ರಶ್ನೆ ಕೇಳಿದ್ದರು. ಊಟಕ್ಕೆ ಕರೆದರೆ, ಹೋಗೋ ಮನಸ್ಸಿದ್ದರೆ, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ ಅಂದ. ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವರ ಮನಸ್ಸಿಗಾಗಿ ಬಿಡಿ ಅಂತಲೂ ಅಂದ. ಒಬ್ಬೊಬ್ಬರ ಮನಸ್ಸಾಕ್ಷಿ ಒಂದೊಂದು ಥರ. ಅದನ್ನು ನಾನು ಜಗಳಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹೋಳಿಗೆಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವ ನಾವು, ಹೋಳಿಗೆ ಕಳಿಸಿದವರ ಬ್ಲೌಸ್ ಹೇಳಿದ ದಿನಕ್ಕೆ ಕೊಟ್ಟಿದ್ದೇವಾ ಅಂತ ಕೇಳಿಕೊಳ್ಳುವುದಿಲ್ಲ.

ಉಪವಾಸದ ಬಗ್ಗೆ ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಹೇಳುವಷ್ಟು ಖಾರವಾಗಿ ಇನ್ಯಾರೂ ಹೇಳಿಲ್ಲ. ಜನ ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡಲಿಲ್ಲ ಅಂತ. ದೇವರ ಉತ್ತರ ಏನು ಗೊತ್ತಾ? ಉಪವಾಸದ ದಿನವೂ ನಿಮ್ಮ ಕೆಲಸದವರನ್ನು ಹಿಂಡಿ ದುಡಿಸುತ್ತೀರಲ್ಲ ಅಂತ. ಹಸಿದವರಿಗೆ ಅನ್ನ ಹಂಚುವುದು, ಬಟ್ಟೆ ಇಲ್ಲದವರಿಗೆ ಬಟ್ಟೆ ಹೊದಿಸುವುದು, ಹೆಗಲ ಮೇಲಿನ ನೊಗ ಮುರಿಯುವುದು, ಇದು ನನಗೆ ಬೇಕಾದ ಉಪವಾಸ ಅನ್ನುತ್ತಾನೆ.

ನಾನು ಊಟ ಬಿಟ್ಟು ಕೂತಿರುತ್ತೇನೆ. ಎದುರಿಗೆ ಆ ಹುಡುಗಿ ರಾತ್ರಿ ಒಂಬತ್ತಾದರೂ ಮಷಿನ್ ತುಳಿಯುತ್ತಿರುತ್ತಾಳೆ. ಹಾಗಾದರೆ ಅದು ಯಾರ ಉಪವಾಸ? ಅದಕ್ಕೇ ನಮ್ಮ ಅಂಗಡಿಯಲ್ಲಿ ಲೆಂಟ್ ಅಂದರೆ ಎರಡು ನಿಯಮ. ಜಾತ್ರೆ ಇರಲಿ ಬಿಡಲಿ, ಸಂಜೆ ಆರೂವರೆಗೆ ಅವಳು ಮನೆಗೆ. ಅವಳ ದುಡ್ಡು ಅದೇ ದಿನ ಅವಳ ಕೈಗೆ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅಂತ ಯಾಜಕಕಾಂಡ 19ರಲ್ಲಿದೆ. ಹೊತ್ತು ಮುಳುಗುವುದರೊಳಗೆ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಅಂತ ಧರ್ಮೋಪದೇಶಕಾಂಡ 24ರಲ್ಲಿದೆ. ಯಾಕೋಬನ ಪತ್ರದಲ್ಲಂತೂ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ. ಇಷ್ಟು ಕಡೆ ಬರೆದಿರುವ ವಿಷಯದ ಮೇಲೆ ನಾನು ಪ್ರಸಂಗ ಕೇಳಿದ್ದು ಬಹಳ ಕಡಿಮೆ. ದಶಮಾಂಶದ ಮೇಲೆ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು ದೇವರಿಗೆ ಕೊಡುವುದರ ಮೇಲೆ, ಬೇಕಾದಷ್ಟು ಕೇಳಿದ್ದೇನೆ.

ಇದರಿಂದ ಆರ್ಡರ್ ಕಡಿಮೆ ತೆಗೆದುಕೊಳ್ಳಬೇಕಾಗುತ್ತದೆ. ದುಡ್ಡೂ ಕಡಿಮೆ. ಮನೆಯವರು ಒಮ್ಮೊಮ್ಮೆ ಗೊಣಗುತ್ತಾರೆ. ಉಪವಾಸ ಅಂದಮೇಲೆ ಎಲ್ಲಾದರೂ ಹಸಿವು ಆಗಲೇಬೇಕಲ್ಲ.

ಹಾಗಂತ ಓದುವುದು, ಪ್ರಾರ್ಥನೆ ಮಾಡುವುದು ಬೇಡ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ನಮ್ಮ ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ಒಂದು ವರ್ಷಕ್ಕೆ ಮುಗಿಯುತ್ತದೆ. ನಾನೂ ಹಾಗೇ ಓದುತ್ತೇನೆ. ಓದದೇ ಇದ್ದಿದ್ದರೆ ಈ ಯೆಶಾಯ 58 ನನಗೆ ಎಲ್ಲಿ ಸಿಗುತ್ತಿತ್ತು? ನನ್ನ ತಕರಾರು ಓದಿನ ಮೇಲಲ್ಲ. ಬೆಳಿಗ್ಗೆ ಐದಕ್ಕೆ ಮೂವತ್ತು ಗ್ರೂಪಿಗೆ ಹೂವಿನ ಫೋಟೋ ಜೊತೆ ವಾಕ್ಯ ಫಾರ್ವರ್ಡ್ ಮಾಡಿ, ಏಳಕ್ಕೆ ಹಾಲಿನವನ ಮೇಲೆ ಕಿರುಚುವುದಿದೆಯಲ್ಲ, ಅದರ ಮೇಲೆ.

ಪ್ರಾರ್ಥನೆಯೂ ಕೆಲಸದ ಒಳಗೇ ಕೂರುತ್ತದೆ. ಪ್ರತಿ ಬಟ್ಟೆಗೂ ನಾನು ಅಳತೆ ಚೀಟಿ ಪಿನ್ ಮಾಡುತ್ತೇನೆ, ಮೇಲೆ ಹೆಸರು ಇರುತ್ತದೆ. ಚೀಟಿ ಬಿಚ್ಚುವಾಗ ಆ ಹೆಸರಿಗೆ ಒಂದು ಚಿಕ್ಕ ಪ್ರಾರ್ಥನೆ. ಇವರ ಮಗಳಿಗೆ ಹೆರಿಗೆ ಹತ್ತಿರ ಇದೆ ಕರ್ತನೇ, ಇವರಿಗೆ ಮಂಡಿ ನೋವು, ಇವರು ಹಳೇ ಬಾಕಿ ಕೊಟ್ಟಿಲ್ಲ, ನನಗೆ ತಾಳ್ಮೆ ಕೊಡು. ಹೆಸರುಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ಅವರಿಗೆ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸು ಅಂತ ಯೇಸುವೇ ಹೇಳಿದ್ದಾನೆ. ನಮ್ಮ ಅಂಗಡಿಗೆ ಬಾಗಿಲು ಮುಚ್ಚುವ ಹಾಗಿಲ್ಲ, ಬಾಯಿ ಮುಚ್ಚಿಕೊಂಡರೆ ಸಾಕು.

ಇನ್ನೊಂದು ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿದ್ದು ಪಕ್ಕದ ಬೀದಿಯ ಕ್ಯಾಥೊಲಿಕ್ ಗೆಳತಿಯಿಂದ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆ ಹಬ್ಬಕ್ಕೆ ತಪ್ಪದೆ ಹೋಗುವವಳು. ಜಪಸರದ ವಿಷಯದಲ್ಲಿ ನನಗೂ ಅವಳಿಗೂ ಹೊಂದುವುದಿಲ್ಲ. ಆದರೆ ರಾತ್ರಿ ಮಲಗುವ ಮುಂಚೆ ಇಡೀ ದಿನವನ್ನು ದೇವರ ಮುಂದೆ ತಿರುವಿ ಹಾಕುವ ಪದ್ಧತಿ ಅವಳದ್ದು. ಮೊದಲು ಥ್ಯಾಂಕ್ಸ್ ಹೇಳಬೇಕು. ಆಮೇಲೆ ಸರಿಯಾಗಿ ನೋಡೋಕೆ ಬೆಳಕು ಕೊಡು ಅಂತ ಕೇಳಬೇಕು. ಬೆಳಿಗ್ಗೆಯಿಂದ ಏನೇನಾಯಿತು ಅಂತ ನೋಡಬೇಕು. ತಪ್ಪಿದ್ದಕ್ಕೆ ಕ್ಷಮೆ ಕೇಳಬೇಕು. ನಾಳೆಗೆ ಒಂದು ತೀರ್ಮಾನ ಮಾಡಬೇಕು. ಇದನ್ನು ಕಲಿಸಿದ್ದು ಸ್ಪೇನ್ ದೇಶದ ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಪಾಂಪ್ಲೋನ ಅನ್ನೋ ಊರಿನ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು, ಮಲಗಿದಲ್ಲೇ ಮನಸ್ಸು ಬದಲಾದ ಮನುಷ್ಯ. ಹತ್ತು ನಿಮಿಷ ಸಾಕು. ಮೂರನೇ ಹಂತಕ್ಕೆ ನಿದ್ದೆ ಬಂದರೂ ಪರವಾಗಿಲ್ಲ ಅಂತ ಗೆಳತಿ ಹೇಳಿದ್ದಾಳೆ.

ಇಷ್ಟೆಲ್ಲ ಮಾಡಿದರೆ ಬೆಳವಣಿಗೆ ಕಣ್ಣಿಗೆ ಕಾಣುತ್ತದಾ? ಕಾಣುವುದಿಲ್ಲ. ಮಾರ್ಕ 4ರಲ್ಲಿ ಯೇಸು ಒಂದು ಸಣ್ಣ ಸಾಮ್ಯ, ಅಂದರೆ ಹೋಲಿಕೆಯ ಕಥೆ, ಹೇಳುತ್ತಾನೆ. ರೈತ ಬೀಜ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ, ಅದು ಹೇಗೆ ಬೆಳೆಯಿತು ಅಂತ ಅವನಿಗೇ ಗೊತ್ತಿಲ್ಲ. ನಮ್ಮ ಸುತ್ತಲಿನ ಮೆಕ್ಕೆಜೋಳದ ರೈತರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ದಿನಾ ಕಿತ್ತು ಬೇರು ನೋಡುವವನು ತೆನೆ ನೋಡುವುದಿಲ್ಲ.

ಬೆಳೆ ಒಣಗಿದ ಹಾಗೆ ಕಾಣುವ ಕಾಲವೂ ಬರುತ್ತದೆ. ರೆಡಿಮೇಡ್ ಬ್ಲೌಸ್ ಬಂದು ಆರ್ಡರ್ ಕುಸಿದಾಗ ಒಬ್ಬರು ನನಗೆ, "ನಂಬಿಕೆ ಕಡಿಮೆ ಆಗಿದೆ ಸಿಸ್ಟರ್, ಅದಕ್ಕೇ ಆಶೀರ್ವಾದ ನಿಂತಿದೆ" ಅಂದರು. ಈ ಮಾತು ನನಗೆ ಸಿಟ್ಟು ತರಿಸುತ್ತದೆ. ಪೌಲ ಗುಡಾರದ ಕಸುಬು ಮಾಡಿಕೊಂಡು, ಹಸಿವು ಕೊರತೆ ಎರಡನ್ನೂ ಕಂಡವನು. ಅವನ ನಂಬಿಕೆ ಕಡಿಮೆ ಇತ್ತಾ? ಅಂಥ ದಿನಗಳಿಗೆ ಸತ್ಯವೇದದ ಕೀರ್ತನೆ 13 ಇದೆ. ಬರೀ ಆರು ವಚನ. ಮೊದಲ ಎರಡರಲ್ಲೇ "ಎಷ್ಟು ದಿನ ಹೀಗೆ" ಅಂತ ನಾಲ್ಕು ಸಲ ಕೇಳಲಾಗುತ್ತದೆ. ದೇವರಿಗೆ ಹಾಗೆ ನೇರವಾಗಿ ಕೇಳಬಹುದು ಅಂತ ಗೊತ್ತಾದದ್ದೂ ಒಂದು ಬೆಳವಣಿಗೆಯೇ ಅಂತ ನನಗೆ ಅನ್ನಿಸುತ್ತದೆ.

ಕ್ರಿಸ್‌ಮಸ್ ಸೀಸನ್ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ. ಆದರೂ ಒಂದು ಮಾತು. "ಪ್ರೈಸ್ ದ ಲಾರ್ಡ್ ಸಿಸ್ಟರ್" ಅಂತ ಒಳಗೆ ಬಂದು, ಇಡೀ ವರ್ಷದಲ್ಲೇ ಅತಿ ಜಾಸ್ತಿ ಚೌಕಾಸಿ ಮಾಡುವವರು ನಮ್ಮವರೇ. ನೀವು ನನ್ನವರು ಅನ್ನೋ ಪ್ರೀತಿ ಹೊಲಿಗೆ ರೇಟಿನಲ್ಲಿ ಮಾತ್ರ ನೆನಪಾಗುತ್ತದೆ.

ಇದೆಲ್ಲ ಯೋಚಿಸಿ ನಮ್ಮ ಪಾಸ್ಟರ್ ಹತ್ತಿರ ಒಂದು ಸಲಹೆ ಇಟ್ಟೆ. ಭಾನುವಾರ ಸಾಕ್ಷಿ ಹೇಳುವ, ಅಂದರೆ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎದ್ದು ಹೇಳುವ, ಸಮಯದಲ್ಲಿ ಯಾರೂ ತಮ್ಮ ಬಗ್ಗೆ ತಾವೇ ಹೇಳಬಾರದು. ಯೊಪ್ಪದ ವಿಧವೆಯರ ಹಾಗೆ ಬೇರೆಯವರು ಎದ್ದು ಹೇಳಲಿ. ಅಂಗಡಿಯವರ ಬಗ್ಗೆ ಅಲ್ಲಿ ಕೆಲಸ ಮಾಡುವವರು, ಟೀಚರ್ ಬಗ್ಗೆ ಮಕ್ಕಳು, ಗಂಡನ ಬಗ್ಗೆ ಹೆಂಡತಿ. ಪಾಸ್ಟರ್ ನಕ್ಕು, "ಹಾಗಾದರೆ ಆ ವಾರ ಯಾರೂ ಆರಾಧನೆಗೆ ಬರುವುದಿಲ್ಲ" ಅಂದರು. ಇನ್ನೂ ಒಪ್ಪಿಲ್ಲ. ಒಪ್ಪಿದರೆ ನನ್ನ ಬಗ್ಗೆ ಮಾತಾಡೋಕೆ ಅಂಗಡಿಯ ಹುಡುಗಿಯನ್ನು ಕರೆಯಬೇಕಾಗುತ್ತದೆ. ಅವಳು ಸುಮ್ನೆ ಹೊಗಳಿ ಕೂರುವವಳಲ್ಲ.