ಮಂಗನ ಲೆಕ್ಕ ಇಡುವ ನಾವು ಜ್ವರದ ಲೆಕ್ಕ ಇಡಲಾರೆವೇ?

ಐರ್ಲೆಂಡ್‌ನ ಡಬ್ಲಿನ್‌ಗೆ ಬಂದ ಮೊದಲ ಚಳಿಗಾಲದಲ್ಲೇ ನನಗೆ ಜ್ವರ ಹಿಡಿಯಿತು. ಮೈಕೈ ನೋವು, ಒಣ ಕೆಮ್ಮು. ಇಲ್ಲಿ ಮನೆ ಹತ್ತಿರದ ಡಾಕ್ಟರನ್ನು ಜಿಪಿ ಅನ್ನುತ್ತಾರೆ. ನನ್ನ ಜಿಪಿ ಮೂಗಿನಿಂದ ಸ್ವಾಬ್ ತೆಗೆಯಲು ಒಪ್ಪಿಗೆ ಕೇಳಿದರು. ನನ್ನ ಔಷಧಿಗಾಗಿ ಅಲ್ಲ, ಈ ವಾರ ಊರಲ್ಲಿ ಯಾವ ವೈರಸ್ ಇದೆ ಅಂತ ತಿಳಿಯಲು.

ಐರ್ಲೆಂಡ್‌ನಲ್ಲಿ ಇದು 2000ದಿಂದ ನಡೆದುಬಂದಿದೆ. ಎಲ್ಲ ಡಾಕ್ಟರೂ ಇದರಲ್ಲಿಲ್ಲ, ಒಪ್ಪಿಕೊಂಡ ಕೆಲವರು ಮಾತ್ರ. ಫ್ಲೂ ಥರದ ಜ್ವರ ಎಷ್ಟು ಜನಕ್ಕೆ ಬಂತು ಅಂತ ಅವರು ವಾರವಾರ ತಿಳಿಸುತ್ತಾರೆ. ಸ್ವಾಬ್ ಡಬ್ಲಿನ್‌ನ ನ್ಯಾಷನಲ್ ವೈರಸ್ ರೆಫರೆನ್ಸ್ ಲ್ಯಾಬೊರೇಟರಿಗೆ ಹೋಗುತ್ತದೆ. ವರ್ಷದ 40ನೇ ವಾರದಿಂದ (ಅಕ್ಟೋಬರ್ ಶುರು) ಮುಂದಿನ ವರ್ಷದ 20ನೇ ವಾರದವರೆಗೆ (ಮೇ ನಡುವೆ) ಫ್ಲೂ ಸೀಸನ್. ಲಕ್ಷ ಜನಕ್ಕೆ ಇಷ್ಟು ಅನ್ನುವ ಅಂಕಿ ಮಾಮೂಲಿ ಮಟ್ಟ ದಾಟಿತೋ, ಫ್ಲೂ ಹಬ್ಬುತ್ತಿದೆ ಅಂತ ಅರ್ಥ. ಅಂದಹಾಗೆ ಈ ದ್ವೀಪ ಒಂದೇ, ಆಡಳಿತ ಎರಡು. ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್‌ನ ಲೆಕ್ಕ ಬೇರೆ. ಅಲ್ಲಿನ ಬೆಲ್‌ಫಾಸ್ಟ್‌ಗೆ ಇಲ್ಲಿಂದ ಎರಡೇ ಗಂಟೆ ದಾರಿ, ಹಾಗಾಗಿ ಎರಡೂ ವರದಿ ಓದಿದರೇ ಪೂರ್ತಿ ಚಿತ್ರ ಸಿಗುವುದು.

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಮನೆಮನೆಗೂ ಜ್ವರ. ಫೋನ್ ಮಾಡಿದರೆ ಅಮ್ಮ, "ಎಲ್ಲರಿಗೂ ಅದೇ ಕಣೋ, ವೈರಲ್ ಅಂತೆ" ಅನ್ನುತ್ತಾಳೆ. ಮೆಡಿಕಲ್ ಶಾಪಿನ ಮಾತ್ರೆ, ಮೂರು ದಿನ ಕಷಾಯ, ಅಲ್ಲಿಗೆ ಮುಗಿಯಿತು. ಪಿಎಚ್‌ಸಿಗೆ ಹೋದವರ ಲೆಕ್ಕ ಸರ್ಕಾರಕ್ಕೆ ಹೋಗುತ್ತದೆ, ನಿಜ. ಮನೆಯಲ್ಲೇ ಮಲಗಿ ಎದ್ದವರದ್ದು? 2023ರ ಮಾರ್ಚ್‌ನಲ್ಲಿ ಹಾಸನದಲ್ಲಿ ಎಚ್3ಎನ್2 ಅನ್ನುವ ಫ್ಲೂ ಸೋಂಕಿದ್ದ ಹಿರಿಯರೊಬ್ಬರು ತೀರಿಕೊಂಡ ಮೇಲೆಯೇ ಎಷ್ಟೋ ಜನಕ್ಕೆ ಆ ಹೆಸರು ಕಿವಿಗೆ ಬಿದ್ದದ್ದು.

ನಮ್ಮವರಿಗೆ ಈ ಕೆಲಸ ಬರುವುದಿಲ್ಲ ಅಂತ ಮಾತ್ರ ಯಾರೂ ಹೇಳಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದರಿಂದಲೇ ಮಂಗನ ಕಾಯಿಲೆ ಪತ್ತೆಯಾಯಿತು. ಇವತ್ತಿಗೂ ಮಲೆನಾಡಿನಲ್ಲಿ ಸತ್ತ ಮಂಗ ಕಂಡರೆ ಜನ ಆರೋಗ್ಯ ಇಲಾಖೆಗೆ ಹೇಳುತ್ತಾರೆ. ಈ ಕಾಯಿಲೆ ಹರಡುವ ಉಣುಗು (ರಕ್ತ ಹೀರುವ ಹುಳು) ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಎಚ್ಚರಿಕೆ ಹೇಳುತ್ತಾರೆ. ಊರಿನವರೇ ಕಣ್ಣಾಗಿ ನಿಂತ ಇಂಥ ವ್ಯವಸ್ಥೆ ಐರ್ಲೆಂಡ್‌ನಲ್ಲೂ ನಾನು ಕಂಡಿಲ್ಲ.

ಅದೇ ಕಣ್ಣು ಜ್ವರದ ಮೇಲೂ ಇರಲಿ ಅನ್ನುವುದು ನನ್ನ ಆಸೆ. ತಾಲ್ಲೂಕಿಗೆ ನಾಲ್ಕೈದು ಖಾಸಗಿ ಕ್ಲಿನಿಕ್ ಸೇರಿದರೂ ಸಾಕು. ವಾರಕ್ಕೊಂದು ಲೆಕ್ಕ, ಒಂದಿಷ್ಟು ಸ್ವಾಬ್. ಜಾಸ್ತಿ ಖರ್ಚಿನ ಕೆಲಸ ಅಲ್ಲ. ಅಮ್ಮನಿಗೆ 70 ದಾಟಿದೆ, ಶುಗರ್ ಇದೆ. ಫ್ಲೂ ಲಸಿಕೆ ಹಾಕಿಸಿದರೂ ಮೈಗೆ ರೋಗ ತಡೆಯುವ ಬಲ ಬರಲು ಸುಮಾರು ಎರಡು ವಾರ ಬೇಕು. ಅಷ್ಟು ಮೊದಲೇ ಸುದ್ದಿ ಸಿಕ್ಕರೆ, ಲಸಿಕೆ ಹಾಕಿಸ್ಕೋ, ಈ ಸೋಮವಾರ ಸಂತೆಗೆ ಹೋಗಬೇಡ ಅಂತ ಇಲ್ಲಿಂದಲಾದರೂ ಹೇಳಬಹುದು.